ಸರ್ ರೊನಾಲ್ಡ್ ರಾಸ್ ಮತ್ತು ಹಕ್ಕಿಗಳ ಮಲೇರಿಯ

ನಮ್ಮ ಹೈದರಾಬಾದು ನಗರದ ಹಿರಿಮೆಯ ಮಾತು ಬಂದಾಗಲೆಲ್ಲ ಚಾರ್‌ಮಿನಾರು, ಗೋಲ್ಕೊಂಡೆಯ ಕೋಟೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ ಇವುಗಳ ಹೆಸರು ಎಲ್ಲರ ನಾಲಗೆಯ ಮೇಲೂ ಬರುವುದು. ಆದರೆ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಸಮೀಪದಲ್ಲಿ, ಇನ್ನೊಂದು ಕಟ್ಟಡವಿದೆ. ಅದಕ್ಕೆ ಮಿನಾರುಗಳಿಲ್ಲ, ಕೋಟೆಕೊತ್ತಲಗಳಿಲ್ಲ. ಹಿಂದೆ ಆಸ್ಪತ್ರೆಯಾಗಿದ್ದ ಆ ಸಾಧಾರಣ ಕಟ್ಟಡದಲ್ಲಿ 1897ನೆಯ ಇಸವಿ ಆಗಸ್ಟ್ 20ರಂದು ವೈದ್ಯನೊಬ್ಬನು ಒಂದು ಸೊಳ್ಳೆಯ ಹೊಟ್ಟೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತಿದ್ದನು. ಮಾನವ ಕುಲವನ್ನು ಸಾವಿರಾರು ವರ್ಷಗಳಿಂದ ಕಾಡುತ್ತಿದ್ದ ಚಳಿಜ್ವರದ ಗುಟ್ಟು ಅಂದು ಆತನ ಕಣ್ಣಿಗೆ ಬಿದ್ದಿತು. ಆ ವೈದ್ಯನೇ ಸರ್ ರೊನಾಲ್ಡ್ ರಾಸ್.

ಇಷ್ಟು ಕಥೆಯನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಆದರೆ ನಮ್ಮ ನಗರದಲ್ಲಿ ರಾಸನಿಗೆ ದೊರೆತದ್ದು ಅರ್ಧ ಉತ್ತರವೆಂಬುದು ಬಹುಮಂದಿಗೆ ತಿಳಿಯದು. ಉಳಿದ ಅರ್ಧವನ್ನು ಆತನಿಗೆ ಕೊಟ್ಟವು ಕಲ್ಕತ್ತೆಯ ಗುಬ್ಬಚ್ಚಿಗಳು. ಮನುಷ್ಯನ ರೋಗದ ಒಗಟನ್ನು ಹಕ್ಕಿಯ ರಕ್ತವು ಹೇಗೆ ಬಿಡಿಸಿತೆಂಬುದನ್ನು ಆತನ ಜೀವನದ ಮೂಲಕವೇ ತಿಳಿಯೋಣ.

ರೊನಾಲ್ಡ್ ರಾಸನು ಹುಟ್ಟಿದ್ದು ಭಾರತದಲ್ಲಿಯೇ. ಹಿಮಾಲಯದ ಮಡಿಲಿನ ಅಲ್ಮೋರ ಎಂಬ ಊರಿನಲ್ಲಿ 1857ರ ಮೇ 13ರಂದು ಆತನ ಜನನವಾಯಿತು. ಮೀರಠಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆಯು ಸೈನ್ಯಾಧಿಕಾರಿ, ಮುಂದೆ ಜನರಲ್ ಪದವಿಗೇರಿದವನು. ಹತ್ತು ಮಂದಿ ಮಕ್ಕಳಲ್ಲಿ ರೊನಾಲ್ಡನೇ ಹಿರಿಯನು. ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಆತನನ್ನು ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಬಾಲಕನಿಗೆ ಚಿತ್ರ ಬರೆಯುವುದೆಂದರೆ ಪ್ರೀತಿ, ಕಾವ್ಯವೆಂದರೆ ಪ್ರಾಣ. ಸಂಗೀತ ಗಣಿತಗಳಲ್ಲಿಯೂ ಆತನ ಮನಸ್ಸು ನೆಟ್ಟಿತ್ತು. ವೈದ್ಯನಾಗಬೇಕೆಂಬ ಆಸೆ ಮಾತ್ರ ಎಳ್ಳಷ್ಟೂ ಇರಲಿಲ್ಲ. ಆದರೆ ತಂದೆಯ ಇಚ್ಛೆಯೇ ಬೇರೆ. ಅದರಂತೆ 1874ರಲ್ಲಿ ಆತನು ಲಂಡನ್ನಿನ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯ ವೈದ್ಯಶಾಲೆಗೆ ಸೇರಬೇಕಾಯಿತು. ಪಾಠದ ಮೇಲೆ ಮನಸ್ಸು ನಿಲ್ಲಲಿಲ್ಲ. ಹಾಗೂ ಹೀಗೂ ಶಸ್ತ್ರವೈದ್ಯದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಕೆಲವು ಕಾಲ ಹಡಗಿನ ವೈದ್ಯನಾಗಿ ಅಟ್ಲಾಂಟಿಕ್ ಸಾಗರದ ಮೇಲೆ ಓಡಾಡಿದನು. ಭಾರತೀಯ ವೈದ್ಯಕೀಯ ಸೇವೆಗೆ ಸೇರಲು ಒಮ್ಮೆ ಪ್ರಯತ್ನಿಸಿ ಸೋತು, ಎರಡನೆಯ ಸಲ ಗೆದ್ದು, 1881ರಲ್ಲಿ ಮದರಾಸಿಗೆ ಬಂದಿಳಿದನು. ಕೆಲಸಕ್ಕಿಂತ ಬಿಡುವೇ ಹೆಚ್ಚಾಗಿದ್ದ ಆ ದಿನಗಳಲ್ಲಿ ಕವಿತೆ, ಕಾದಂಬರಿ, ಗಣಿತಗಳಲ್ಲಿ ಕಾಲ ಕಳೆದನು.

1883ರಲ್ಲಿ ಆತನನ್ನು ಬೆಂಗಳೂರಿನ ದಂಡಿನ ಪ್ರದೇಶಕ್ಕೆ ವೈದ್ಯನನ್ನಾಗಿ ನೇಮಿಸಿದರು. ಊರು ಆತನಿಗೆ ಬಲು ಹಿಡಿಸಿತು; ಸೊಳ್ಳೆಗಳ ಕಾಟವೊಂದೇ ಸಹಿಸಲಾಗದಂತಿತ್ತು. ತನ್ನ ಬಂಗಲೆಯಲ್ಲಿ ಅವು ಹೆಚ್ಚಾಗಿರುವುದಕ್ಕೆ ಕಾರಣವೇನೆಂದು ಆತನು ಹುಡುಕಿದನು. ಕಿಟಕಿಯ ಹೊರಗಡೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ಬುಳುಬುಳು ಆಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದನು. ಸೊಳ್ಳೆಗಳು ಬಹುಮಟ್ಟಿಗೆ ಕಡಮೆಯಾದವು. ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿರಬಹುದೆಂಬ ಯೋಚನೆ ಆಗ ಆತನ ಕನಸಿನಲ್ಲಿಯೂ ಇರಲಿಲ್ಲ. ಆದರೆ ಸೊಳ್ಳೆಯನ್ನು ಹುಡುಕುವವನು ಮೊದಲು ನೀರನ್ನು ಹುಡುಕಬೇಕೆಂಬ ಪಾಠವನ್ನು ಕನ್ನಡ ನಾಡಿನ ಆ ತೊಟ್ಟಿಯೇ ಆತನಿಗೆ ಕಲಿಸಿತು. ಜೀವಮಾನವಿಡೀ ಆತನು ಅದನ್ನು ಮರೆಯಲಿಲ್ಲ.

ಆ ಕಾಲದಲ್ಲಿ ಚಳಿಜ್ವರದ ಕಾರಣವನ್ನು ಕುರಿತು ಜನರು ಏನೆಂದು ನಂಬಿದ್ದರು? ಜೌಗು ನೆಲದಿಂದಲೂ ಕೊಳೆತ ನೀರಿನಿಂದಲೂ ಏಳುವ ಕೆಟ್ಟ ಗಾಳಿಯನ್ನು ಉಸಿರಾಡಿದರೆ ಜ್ವರ ಬರುವುದೆಂದೇ ಎಲ್ಲರ ಭಾವನೆ. ಇಟಲಿಯ ಭಾಷೆಯಲ್ಲಿ ಮಲೇರಿಯ ಎಂಬ ಮಾತಿಗೆ ಕೆಟ್ಟ ಗಾಳಿಯೆಂದೇ ಅರ್ಥ. 1880ರಲ್ಲಿ ಆಲ್ಜೀರಿಯದಲ್ಲಿದ್ದ ಲಾವರಾನ್ ಎಂಬ ಫ್ರೆಂಚ್ ಸೈನ್ಯವೈದ್ಯನು ಜ್ವರಪೀಡಿತನ ರಕ್ತದಲ್ಲಿ ಜೀವವುಳ್ಳ ಒಂದು ಪರೋಪಜೀವಿಯನ್ನು ಕಂಡನು. ಅದು ಕೆಂಪು ರಕ್ತಕಣದೊಳಗೆ ಹೊಕ್ಕು, ಅದನ್ನೇ ತಿಂದು ಬೆಳೆದು, ಒಡೆದು ಹಲವಾಗುತ್ತದೆ. ಕೆಲವು ವರ್ಷಗಳಲ್ಲಿಯೇ ಖಾರ್ಕೋವ್ ನಗರದ ಡಾನಿಲೆವ್‌ಸ್ಕಿ ಎಂಬ ವಿದ್ವಾಂಸನು ಕಾಡುಹಕ್ಕಿಗಳ ರಕ್ತದಲ್ಲಿಯೂ ಅಂಥವೇ ಜೀವಿಗಳಿರುವುದನ್ನು ತೋರಿಸಿದನು. ಮನುಷ್ಯನಿಗಿರುವಂತೆ ಹಕ್ಕಿಗಳಿಗೂ ಮಲೇರಿಯ ಉಂಟೆಂದು ಹೀಗೆ ತಿಳಿದುಬಂದಿತು. ಆದರೆ ಆ ಜೀವಿ ಒಂದು ರಕ್ತದಿಂದ ಇನ್ನೊಂದು ರಕ್ತಕ್ಕೆ ಹೋಗುವ ದಾರಿ ಯಾವುದು? ಅದನ್ನು ಯಾರೂ ಕಂಡಿರಲಿಲ್ಲ.

ಇತ್ತ ರಾಸನ ಬದುಕಿನಲ್ಲಿಯೂ ಒಂದು ತಿರುವು ಬಂದಿತ್ತು. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಆರೋಗ್ಯಶಾಸ್ತ್ರವನ್ನೂ ಸೂಕ್ಷ್ಮಜೀವಿಗಳ ಶಾಸ್ತ್ರವನ್ನೂ ಓದಿದನು. 1889ರಲ್ಲಿ ರೋಸಾ ಬ್ಲಾಕ್ಸಮ್ ಎಂಬವಳೊಡನೆ ವಿವಾಹವಾಯಿತು. ಭಾರತಕ್ಕೆ ಮರಳಿ ರಕ್ತವನ್ನು ಪರೀಕ್ಷಿಸತೊಡಗಿದನಾದರೂ ಲಾವರಾನನು ಕಂಡ ಜೀವಿ ಆತನ ಕಣ್ಣಿಗೆ ಬೀಳಲಿಲ್ಲ. ಅದೆಲ್ಲ ಸುಳ್ಳಿರಬೇಕೆಂದೇ ಶಂಕಿಸಿದನು. 1894ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಅನುಭವಿ ವೈದ್ಯನು ಆ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟನು. ರಾಸನ ಶಂಕೆ ಅಂದಿಗೆ ಹರಿಯಿತು. ಈ ಜೀವಿಯು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತಿರಬೇಕೆಂಬ ತನ್ನ ಊಹೆಯನ್ನೂ ಮ್ಯಾನ್ಸನನು ಶಿಷ್ಯನ ಮುಂದಿಟ್ಟನು. ಅದನ್ನು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಸಂಕಲ್ಪದಿಂದ 1895ರಲ್ಲಿ ರಾಸನು ಹಡಗು ಹತ್ತಿ, ತನ್ನ ಪಡೆಯಿದ್ದ ಸಿಕಂದರಾಬಾದಿಗೆ ಬಂದು ಸೇರಿದನು.

ಅಲ್ಲಿಂದ ಮುಂದೆ ಎರಡು ವರ್ಷಗಳ ಕಾಲ ನಡೆದದ್ದು ಸೋಲಿನ ಕಥೆ. ಸುಲಭವಾಗಿ ಸಿಕ್ಕುತ್ತಿದ್ದ ಬೂದುಬಣ್ಣದ ಸೊಳ್ಳೆಗಳನ್ನೂ ಪಟ್ಟೆಯುಳ್ಳ ಸೊಳ್ಳೆಗಳನ್ನೂ ಸಾಕಿ, ಜ್ವರಪೀಡಿತರನ್ನು ಅವುಗಳಿಂದ ಕಚ್ಚಿಸಿ, ಒಂದೊಂದನ್ನೇ ಸೀಳಿ ನೋಡಿದನು. ಏನೂ ಕಾಣಲಿಲ್ಲ. ಕೆಲಸ ನಡೆಯುತ್ತಿರುವಾಗಲೇ ಬೆಂಗಳೂರಿನಲ್ಲಿ ಕಾಲರಾ ಹಬ್ಬಿ, ಸರಕಾರವು ಆತನನ್ನು ಅಲ್ಲಿಗೆ ಕಳುಹಿಸಿತು. ಬಾವಿಗಳನ್ನು, ಚರಂಡಿಗಳನ್ನು, ಕೇರಿಗಳನ್ನು ಪರೀಕ್ಷಿಸುತ್ತ 1897ರವರೆಗೆ ಆತನು ಅಲ್ಲಿಯೇ ನಿಂತನು. ಮಲೇರಿಯದ ಕೆಲಸ ಕುಂಠಿತವಾಯಿತೆಂಬ ಕೊರಗು ಆತನನ್ನು ಬಾಧಿಸುತ್ತಿತ್ತು. ಆ ವರ್ಷ ಉದಕಮಂಡಲದ ಬಳಿಯ ಸಿಗೂರು ಘಾಟಿಗೆ ಹೋದಾಗ ಸ್ವತಃ ಚಳಿಜ್ವರಕ್ಕೆ ತುತ್ತಾದನು. ಅಲ್ಲಿಯೇ ಗೋಡೆಯ ಮೇಲೆ ಬಾಲವನ್ನು ಎತ್ತಿ ಕುಳಿತಿದ್ದ, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಒಂದು ವಿಚಿತ್ರ ಸೊಳ್ಳೆಯನ್ನು ಗಮನಿಸಿದನು. ಅದರ ಹೆಸರು ಆತನಿಗೆ ತಿಳಿಯದು. ಇಂದು ನಾವು ಅನಾಫಿಲಿಸ್ ಎಂದು ಕರೆಯುವ ಸೊಳ್ಳೆಯೇ ಅದು.

1897ರ ಜೂನಿನಲ್ಲಿ ಆತನು ಸಿಕಂದರಾಬಾದಿಗೆ ಹಿಂತಿರುಗಿದನು. ಬೇಗಂಪೇಟೆಯ ಆಸ್ಪತ್ರೆಯ ಇಕ್ಕಟ್ಟಾದ ಕೋಣೆಯಲ್ಲಿ ಕೆಲಸ ಸಾಗಿತು. ಸೆಕೆ ಬೇಯಿಸುತ್ತಿತ್ತು. ಪಂಖವನ್ನು ಎಳೆಸುವಂತಿರಲಿಲ್ಲ, ಗಾಳಿಗೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುವುವು. ಹಣೆಯಿಂದಲೂ ಕೈಯಿಂದಲೂ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಕಣ್ಣಿಟ್ಟು ನೋಡುವ ಗಾಜು ಬಿರುಕು ಬಿಟ್ಟಿತ್ತು. ಸಹಾಯಕರು ತಂದ ಮರಿಹುಳುಗಳಿಂದ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಹೊರಬಂದಾಗ ಆತನ ಆಸೆ ಚಿಗುರಿತು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯು ಸೊಳ್ಳೆಪರದೆಯೊಳಗೆ ಮಲಗಿ, ಆ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದನು. ಕಚ್ಚಿದ ಸೊಳ್ಳೆಯೊಂದಕ್ಕೆ ಆತನಿಗೆ ದೊರೆತ ಸಂಭಾವನೆ ಒಂದು ಆಣೆ. ನಾಲ್ಕು ದಿನ ಕಳೆದು ಆಗಸ್ಟ್ 20 ಬಂದಿತು. ಉಳಿದಿದ್ದ ಸೊಳ್ಳೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ, ಕಪ್ಪು ಕಣಗಳನ್ನು ತುಂಬಿಕೊಂಡ ದುಂಡನೆಯ ಕೋಶಗಳು ರಾಸನಿಗೆ ಕಂಡವು. ಮನುಷ್ಯನ ರಕ್ತದಲ್ಲಿರುವ ಮಲೇರಿಯ ಜೀವಿಯಲ್ಲಿಯೂ ಅಂಥವೇ ಕಪ್ಪು ಕಣಗಳಿರುತ್ತವೆ. ಮರುದಿನ ಇನ್ನೊಂದು ಸೊಳ್ಳೆಯನ್ನು ಸೀಳಿದಾಗ ಅವೇ ಕೋಶಗಳು ಮತ್ತಷ್ಟು ದೊಡ್ಡವಾಗಿದ್ದವು. ಅವು ಬೆಳೆಯುತ್ತಿದ್ದವು! ಕವಿಹೃದಯದ ರಾಸನು ಆ ಸಂತೋಷದಲ್ಲಿ ಒಂದು ಕವಿತೆಯನ್ನೇ ರಚಿಸಿದನು. ಆ ವರ್ಷದ ಡಿಸೆಂಬರಿನಲ್ಲಿ ಈ ಸಂಶೋಧನೆ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಒಗಟು ಪೂರ್ತಿಯಾಗಿ ಬಿಡಿಸಿತೆ? ಇಲ್ಲ. ಎರಡೇ ಎರಡು ಸೊಳ್ಳೆಗಳಲ್ಲಿ ಕಂಡ ಕೋಶಗಳು ಮುಂದೆ ಏನಾಗುವುವು? ಸೊಳ್ಳೆಯ ಹೊಟ್ಟೆಯಿಂದ ರೋಗವು ಮತ್ತೆ ಮನುಷ್ಯನ ಮೈಗೆ ಬರುವುದು ಹೇಗೆ? ಸತ್ತ ಸೊಳ್ಳೆ ಬಿದ್ದ ನೀರನ್ನು ಕುಡಿಯುವುದರಿಂದ ಜ್ವರ ಬರುವುದೆಂದು ಮ್ಯಾನ್ಸನನು ಎಣಿಸಿದ್ದನು. ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ರಾಸನು ಸಿದ್ಧನಾಗುತ್ತಿದ್ದಂತೆಯೇ ವರ್ಗಾವಣೆಯ ಆಜ್ಞೆ ಬಂದಿತು. ರಾಜಪುತಾನದ ಖೇರ್ವಾಡ ಎಂಬಲ್ಲಿಗೆ ಆತನನ್ನು ಕಳುಹಿಸಿದರು. ಅಲ್ಲಿ ಮಲೇರಿಯದ ರೋಗಿಗಳೇ ಇಲ್ಲ! ರಾಸನಿಗೆ ಕೋಪವೂ ದುಃಖವೂ ಉಕ್ಕಿ ಬಂದವು. ಕೆಲಸವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದನು. ಆದರೂ ಆತನು ಕೈ ಕಟ್ಟಿ ಕೂರಲಿಲ್ಲ. ಮನುಷ್ಯರಿಲ್ಲದಿದ್ದರೆ ಹಕ್ಕಿಗಳಿವೆಯಲ್ಲ ಎಂದುಕೊಂಡು ಅಲ್ಲಿನ ಪಾರಿವಾಳಗಳ ರಕ್ತವನ್ನು ಪರೀಕ್ಷಿಸತೊಡಗಿದನು. ಆತನ ಜೀವನದ ಅತಿ ದೊಡ್ಡ ಗೆಲುವಿನ ಬೀಜ ಮೊಳೆತದ್ದು ಆ ನಿರಾಶೆಯ ನೆಲದಲ್ಲಿಯೇ.

ಮ್ಯಾನ್ಸನನು ಲಂಡನ್ನಿನಲ್ಲಿ ಶಿಷ್ಯನ ಪರವಾಗಿ ಬಹಳವಾಗಿ ವಾದಿಸಿದ್ದರ ಫಲವಾಗಿ 1898ರ ಫೆಬ್ರುವರಿಯಲ್ಲಿ ಸರಕಾರವು ರಾಸನನ್ನು ಸಂಶೋಧನೆಗೆಂದೇ ಕಲ್ಕತ್ತೆಗೆ ಕಳುಹಿಸಿತು. ಅಲ್ಲಿ ಬೇರೊಂದು ತೊಡಕು ಕಾದಿತ್ತು. ಪ್ಲೇಗಿನ ಚುಚ್ಚುಮದ್ದಿನ ಭೀತಿ ಊರನ್ನೆಲ್ಲ ಆವರಿಸಿತ್ತು. ರಾಸನು ಸೂಜಿಯಿಂದ ಬೆರಳನ್ನು ಚುಚ್ಚಿ ಒಂದು ಹನಿ ರಕ್ತ ಬೇಡಿದರೆ ಸಾಕು, ಬಡಜನರು ಹೆದರಿ ಓಡಿಹೋಗುತ್ತಿದ್ದರು. ಆಗ ಆತನು ಹಕ್ಕಿಗಳ ಕಡೆಗೇ ಪೂರ್ಣವಾಗಿ ತಿರುಗಿದನು. ಗುಬ್ಬಚ್ಚಿ, ಬಾನಕ್ಕಿ, ಕಾಗೆ, ಪಾರಿವಾಳ, ಗೀಜಗ ಮೊದಲಾದ ಹಕ್ಕಿಗಳನ್ನು ಹಿಡಿಸಿ ತರಿಸಿ ಅವುಗಳ ರಕ್ತವನ್ನು ನೋಡಿದನು. ಹಕ್ಕಿಯ ಕೆಂಪು ರಕ್ತಕಣದಲ್ಲಿ, ಮನುಷ್ಯನ ರಕ್ತಕಣದಲ್ಲಿಲ್ಲದ, ಒಂದು ನಡುಬೀಜ ಇರುತ್ತದೆ. ಪ್ರೋಟಿಯೋಸೋಮ ಎಂದು ಆ ಕಾಲದಲ್ಲಿ ಕರೆಯುತ್ತಿದ್ದ ಪರೋಪಜೀವಿಯು ಆ ಬೀಜವನ್ನು ಪಕ್ಕಕ್ಕೆ ತಳ್ಳಿ ತಾನು ನೆಲೆಸುತ್ತದೆ. ಈಗ ಅದಕ್ಕೆ ಪ್ಲಾಸ್ಮೋಡಿಯಮ್ ರೆಲಿಕ್ಟಮ್ ಎಂದು ಹೆಸರು. ಮನುಷ್ಯನ ಮಲೇರಿಯ ಜೀವಿಗೆ ಅದು ತೀರ ಹತ್ತಿರದ ಬಂಧು. ಆದರೆ ಮನುಷ್ಯನಿಗೆ ಅಂಟುವುದಿಲ್ಲ.

ಈಗ ಯಾವ ಸೊಳ್ಳೆಯನ್ನು ಪರೀಕ್ಷಿಸುವುದು? ಇಲ್ಲಿಯೇ ವಿಧಿಯ ವಿನೋದವನ್ನು ನೋಡಬೇಕು. ಸಿಕಂದರಾಬಾದಿನಲ್ಲಿ ಆತನ ಶ್ರಮವನ್ನೆಲ್ಲ ವ್ಯರ್ಥಮಾಡಿದ್ದ ಆ ಬೂದುಬಣ್ಣದ ಕ್ಯೂಲೆಕ್ಸ್ ಸೊಳ್ಳೆಯೇ ಹಕ್ಕಿಗಳ ಜೀವಿಗೆ ತಕ್ಕ ಆಶ್ರಯವಾಗಿತ್ತು. ಮನುಷ್ಯನ ಮಲೇರಿಯ ಅನಾಫಿಲಿಸಿನಲ್ಲಿ ಮಾತ್ರ ಬೆಳೆಯುತ್ತದೆ. ಹಕ್ಕಿಯ ಈ ಮಲೇರಿಯ ಕ್ಯೂಲೆಕ್ಸಿನಲ್ಲಿ ಬೆಳೆಯುತ್ತದೆ. ಯಾವ ಜೀವಿಗೆ ಯಾವ ಕೀಟವೆಂಬುದನ್ನು ಪ್ರಕೃತಿಯೇ ಕಟ್ಟುಮಾಡಿಟ್ಟಿದೆ. ರಾಸನು ಮೂರು ಗುಬ್ಬಚ್ಚಿಗಳನ್ನು ತೆಗೆದುಕೊಂಡನು. ಒಂದರ ರಕ್ತದಲ್ಲಿ ಪರೋಪಜೀವಿಗಳು ಹೇರಳವಾಗಿದ್ದವು, ಎರಡನೆಯದರಲ್ಲಿ ಮಿತವಾಗಿದ್ದವು, ಮೂರನೆಯದರಲ್ಲಿ ಇರಲೇ ಇಲ್ಲ. ಒಂದೊಂದು ಗುಬ್ಬಚ್ಚಿಯ ರಕ್ತವನ್ನು ಕುಡಿದ ಹತ್ತು ಹತ್ತು ಸೊಳ್ಳೆಗಳನ್ನು ಸೀಳಿ ಎಣಿಸಿದನು. ಮೊದಲನೆಯ ಗುಂಪಿನಲ್ಲಿ 1009 ಕೋಶಗಳು, ಎರಡನೆಯದರಲ್ಲಿ 292, ಮೂರನೆಯದರಲ್ಲಿ ಸೊನ್ನೆ. ಗಣಿತಪ್ರಿಯನಾದ ರಾಸನಿಗೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ ಬೇಕು? ಆ ಕೋಶಗಳು ಹಕ್ಕಿಯ ರಕ್ತದಿಂದಲೇ ಬಂದವೆಂಬುದು ನಿಸ್ಸಂದೇಹವಾಯಿತು.

ಕೋಶಗಳು ದಿನೇ ದಿನೇ ಬೆಳೆದು, ಹೊಟ್ಟೆಯ ಹೊರಮೈಯಲ್ಲಿ ಗಂಟುಗಳಂತೆ ಉಬ್ಬಿ, ಕೊನೆಗೆ ಒಡೆಯುವುದನ್ನು ಆತನು ಕಂಡನು. ಒಡೆದ ಗಂಟಿನಿಂದ ನೂಲೆಳೆಯಂಥ ಸಣ್ಣ ಸಣ್ಣ ಜೀವಿಗಳು ಹೊರಟು ಸೊಳ್ಳೆಯ ಮೈಯೆಲ್ಲ ಹರಡುತ್ತಿದ್ದವು. ಅವು ಎಲ್ಲಿಗೆ ಹೋಗುವುವು? 1898ರ ಜುಲೈ ತಿಂಗಳ ಮೊದಲ ದಿನಗಳಲ್ಲಿ, ಸೊಳ್ಳೆಯ ತಲೆಯ ಹಿಂದಿನ ಒಂದು ಗ್ರಂಥಿಯಲ್ಲಿ ಅವು ಗುಂಪುಗೂಡಿರುವುದನ್ನು ರಾಸನು ನೋಡಿದನು. ಆ ಗ್ರಂಥಿಯ ನಾಳವನ್ನು ಹಿಡಿದು ಹೋದರೆ ಅದು ಸೊಳ್ಳೆಯು ಚುಚ್ಚುವ ಸೊಂಡಿಲಿಗೇ ಸೇರುತ್ತಿತ್ತು. ಅದು ಸೊಳ್ಳೆಯ ಲಾಲಾಗ್ರಂಥಿ! ಕೆಟ್ಟ ಗಾಳಿಯೂ ಅಲ್ಲ, ಕುಡಿಯುವ ನೀರೂ ಅಲ್ಲ. ಕಚ್ಚುವಾಗ ಇಳಿಯುವ ಜೊಲ್ಲಿನೊಡನೆಯೇ ರೋಗವು ಮೈಗೆ ಇಳಿಯುವುದು. ಇದನ್ನು ಪ್ರಯೋಗದಿಂದ ಸ್ಥಾಪಿಸುವುದಷ್ಟೇ ಉಳಿದಿತ್ತು. ರೋಗವಿಲ್ಲದ ಗುಬ್ಬಚ್ಚಿಗಳನ್ನು ಪಂಜರದಲ್ಲಿಟ್ಟು, ಸೊಳ್ಳೆಪರದೆಯೊಳಗೆ ಇರಿಸಿ, ರಾತ್ರಿಯಲ್ಲಿ ಸೋಂಕುಳ್ಳ ಸೊಳ್ಳೆಗಳನ್ನು ಅದರೊಳಗೆ ಬಿಟ್ಟನು. ಹೀಗೆ ಪರೀಕ್ಷಿಸಿದ 28 ಗುಬ್ಬಚ್ಚಿಗಳಲ್ಲಿ 22ಕ್ಕೆ ಕೆಲವೇ ದಿನಗಳಲ್ಲಿ ಮಲೇರಿಯ ಬಂದಿತು. ಆ ಜುಲೈ ತಿಂಗಳಲ್ಲಿಯೇ ಎಡಿನ್‌ಬರೋ ನಗರದಲ್ಲಿ ನೆರೆದಿದ್ದ ವೈದ್ಯರ ಸಭೆಗೆ ಮ್ಯಾನ್ಸನನು ಈ ಶುಭವಾರ್ತೆಯನ್ನು ಸಾರಿದನು.

ಮನುಷ್ಯರ ಮೇಲೆ ಹೀಗೆ ಪ್ರಯೋಗ ಮಾಡುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಆ ಭಾರವನ್ನು ಮೂಕ ಹಕ್ಕಿಗಳು ಹೊತ್ತವು. ನಮ್ಮ ಅಂಗಳದಲ್ಲಿ ಕಾಳು ಹೆಕ್ಕುವ ಗುಬ್ಬಚ್ಚಿಗೆ ಮಾನವ ಕುಲವು ತೀರಿಸಲಾಗದ ಋಣವನ್ನು ಹೊತ್ತಿದೆ.

ಋಣವು ಹಕ್ಕಿಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಜ್ವರದಲ್ಲಿಯೂ ಸೊಳ್ಳೆಗಳಿಗೆ ಮೈಯೊಡ್ಡಿದ ಹುಸೇನ್ ಖಾನ್, ಕಲ್ಕತ್ತೆಯಲ್ಲಿ ಹಗಲಿರುಳು ಸೊಳ್ಳೆಗಳನ್ನು ಸಾಕಿ ಹಕ್ಕಿಗಳನ್ನು ನೋಡಿಕೊಂಡ ಮಹಮ್ಮದ್ ಬಕ್ಸ್, ಸಂಶೋಧನೆಗೆ ನೆರವಾದ ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಇವರನ್ನು ಬಿಟ್ಟರೆ ಈ ಕಥೆ ಪೂರ್ಣವಾಗದು. ದೊಡ್ಡ ಹೆಸರಿನ ಹಿಂದೆ ಇಂಥ ಅನೇಕ ಕೈಗಳು ದುಡಿದಿರುತ್ತವೆ.

1898ರ ಕೊನೆಯ ವೇಳೆಗೆ ಇಟಲಿಯ ಗ್ರಾಸಿ, ಬಿಗ್ನಾಮಿ, ಬಾಸ್ಟಿಯಾನೆಲ್ಲಿ ಎಂಬ ವಿಜ್ಞಾನಿಗಳು ಮನುಷ್ಯನ ಮಲೇರಿಯವೂ ಅನಾಫಿಲಿಸ್ ಸೊಳ್ಳೆಯಲ್ಲಿ ಅದೇ ಕ್ರಮದಲ್ಲಿ ಬೆಳೆಯುವುದೆಂದು ತೋರಿಸಿಕೊಟ್ಟರು. ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ರಾಸನಿಗೂ ಗ್ರಾಸಿಗೂ ಕಠೋರವಾದ ವಾದ ನಡೆಯಿತು. ಅದು ಬಹುಕಾಲ ಮುಗಿಯಲಿಲ್ಲ. ಅಭಿಮಾನವೂ ಮುಂಗೋಪವೂ ರಾಸನ ಸ್ವಭಾವದಲ್ಲಿದ್ದ ಕುಂದುಗಳೆಂಬುದನ್ನು ಮರೆಮಾಡಬೇಕಾಗಿಲ್ಲ. ಬೆಳದಿಂಗಳನ್ನೀಯುವ ಚಂದ್ರನಿಗೂ ಕಲೆಯುಂಟಲ್ಲವೆ?

1899ರಲ್ಲಿ ರಾಸನು ಭಾರತವನ್ನು ಬಿಟ್ಟು, ಲಿವರ್‌ಪೂಲ್ ನಗರದ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕನಾದನು. ಅದೇ ವರ್ಷ ಆಫ್ರಿಕದ ಸಿಯೆರಾ ಲಿಯೋನ್ ದೇಶಕ್ಕೆ ಹೋಗಿ ಸೊಳ್ಳೆಗಳ ನೆಲೆಗಳನ್ನು ಹುಡುಕಿದನು. 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಆತನಿಗೆ ದೊರೆಯಿತು. 1911ರಲ್ಲಿ ಸರ್ ಎಂಬ ಬಿರುದು ಬಂದಿತು. ಮಾರಿಷಸ್ ದ್ವೀಪದ ಮಲೇರಿಯವನ್ನು ಅಭ್ಯಸಿಸಿದ ಬಳಿಕ ಆತನು ಗಣಿತದ ಸಹಾಯದಿಂದ ಒಂದು ಮುಖ್ಯ ತತ್ತ್ವವನ್ನು ಪ್ರತಿಪಾದಿಸಿದನು. ರೋಗವನ್ನು ತಡೆಯಲು ಲೋಕದ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ. ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ರೋಗವು ತಾನಾಗಿಯೇ ನಂದಿಹೋಗುವುದು. ಬೆಂಗಳೂರಿನ ತೊಟ್ಟಿಯ ಪಾಠ ಇಲ್ಲಿ ಶಾಸ್ತ್ರವಾಗಿ ಮಾರ್ಪಟ್ಟಿತು. ಕೀರ್ತಿಯ ನಡುವೆ ದುಃಖವೂ ತಪ್ಪಲಿಲ್ಲ. ಆತನ ಹಿರಿಯ ಮಗನು 1914ರ ಮಹಾಯುದ್ಧದಲ್ಲಿ ಮಡಿದನು. 1926ರಲ್ಲಿ ಲಂಡನ್ನಿನಲ್ಲಿ ಆತನ ಹೆಸರಿನ ಸಂಶೋಧನಾ ಸಂಸ್ಥೆಯೊಂದು ತೆರೆಯಿತು. 1932ರ ಸೆಪ್ಟೆಂಬರ್ 16ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ರಾಸನು ಇಹಲೋಕವನ್ನು ತ್ಯಜಿಸಿದನು.

ಆತನು ತೆರೆದ ಬಾಗಿಲಿನಿಂದ ವಿಜ್ಞಾನವು ಬಹುದೂರ ನಡೆದಿದೆ. ಹಕ್ಕಿಗಳ ರಕ್ತದಲ್ಲಿ ಮುಖ್ಯವಾಗಿ ಮೂರು ಬಗೆಯ ಪರೋಪಜೀವಿಗಳಿರುವುದು ಇಂದು ತಿಳಿದಿದೆ. ಪ್ಲಾಸ್ಮೋಡಿಯಮ್ ಬಗೆಯನ್ನು ಸೊಳ್ಳೆಗಳು ಹರಡುತ್ತವೆ. ರಾಸನು ಪಾರಿವಾಳಗಳಲ್ಲಿ ಕಂಡ ಹೀಮೋಪ್ರೋಟಿಯಸ್ ಬಗೆಯನ್ನು ಹಕ್ಕಿಯ ಗರಿಗಳೊಳಗೆ ವಾಸಿಸುವ ಚಪ್ಪಟೆ ನೊಣಗಳೂ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುನೊಣಗಳೂ ಹರಡುತ್ತವೆ. ಲ್ಯೂಕೋಸೈಟೋಜೂನ್ ಎಂಬ ಮೂರನೆಯ ಬಗೆಯನ್ನು ಹರಡುವುದು ಹರಿಯುವ ತೊರೆಗಳಲ್ಲಿ ಹುಟ್ಟುವ ಕರಿನೊಣ. ಆದುದರಿಂದ ಹಕ್ಕಿಯ ರಕ್ತವನ್ನು ನೋಡಿದರೆ ಅದು ವಾಸಿಸಿದ ಸ್ಥಳದ ನೀರು ಎಂತಹದು, ಅಲ್ಲಿನ ಕೀಟಗಳು ಎಂತಹವು ಎಂಬುದನ್ನೂ ಒಂದಿಷ್ಟು ಊಹಿಸಬಹುದು. ನಿಂತ ನೀರು ಒಂದು ಕಥೆಯನ್ನು ಹೇಳಿದರೆ ಹರಿಯುವ ನೀರು ಇನ್ನೊಂದನ್ನು ಹೇಳುವುದು. ಚಳಿಗಾಲದಲ್ಲಿ ಉತ್ತರ ದೇಶಗಳಿಂದ ಸಾವಿರಾರು ಮೈಲಿ ಹಾರಿ ನಮ್ಮ ಕೆರೆಗಳಿಗೆ ಬರುವ ಬಾತುಗಳೂ ಇತರ ನೀರುಹಕ್ಕಿಗಳೂ ತಮ್ಮ ರಕ್ತದಲ್ಲಿ ಈ ಜೀವಿಗಳನ್ನು ಹೊತ್ತು ತರಬಲ್ಲವು. ಇಲ್ಲಿಂದ ಹೊತ್ತೊಯ್ಯಲೂ ಬಲ್ಲವು.

ಬಹುಕಾಲದಿಂದ ಈ ಜೀವಿಗಳೊಡನೆ ಬಾಳಿ ಬಂದ ಹಕ್ಕಿಗಳು ಸಾಮಾನ್ಯವಾಗಿ ಅವುಗಳನ್ನು ಸಹಿಸಿಕೊಳ್ಳುತ್ತವೆ. ಪರಿಚಯವಿಲ್ಲದ ಹಕ್ಕಿಗಳಿಗೆ ಅವು ಬಂದರೆ ಘೋರ ಹಾನಿಯಾಗುವುದು. ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಹಿಂದೆ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳೊಡನೆ ಕ್ಯೂಲೆಕ್ಸ್ ಸೊಳ್ಳೆ ಅಲ್ಲಿಗೆ ಬಂದಿಳಿಯಿತೆನ್ನುತ್ತಾರೆ. ತರುವಾಯ ಹೊರನಾಡಿನ ಹಕ್ಕಿಗಳೊಡನೆ ರಾಸನ ಗುಬ್ಬಚ್ಚಿಗಳಲ್ಲಿದ್ದ ಆ ಪ್ಲಾಸ್ಮೋಡಿಯಮ್ ರೆಲಿಕ್ಟಮ್ ಜೀವಿಯೂ ಬಂದಿತು. ಆ ದ್ವೀಪಗಳಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಬಣ್ಣಬಣ್ಣದ ಜೇನುಹಕ್ಕಿಗಳಲ್ಲಿ ಹಲವು ಜಾತಿಗಳು ಇಂದು ಅಳಿದುಹೋಗಿವೆ. ಅಳಿದುಳಿದವು ಸೊಳ್ಳೆ ಬದುಕಲಾರದಷ್ಟು ತಂಪಾದ ಎತ್ತರದ ಬೆಟ್ಟಗಳ ಕಾಡುಗಳನ್ನು ಆಶ್ರಯಿಸಿವೆ.

ಇನ್ನು ನಮ್ಮ ನಗರದ ಕಡೆಗೆ ಬರೋಣ. ಹೈದರಾಬಾದು ಕೆರೆಗಳ ಊರು. ಬೇಗಂಪೇಟೆಗೆ ಅನತಿದೂರದಲ್ಲಿಯೇ 16ನೆಯ ಶತಮಾನದ ಹುಸೇನ್ ಸಾಗರವಿದೆ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಿವೆ. ಅಮೀನ್‌ಪುರದ ಕೆರೆಯನ್ನು 2016ರಲ್ಲಿ ಜೀವವೈವಿಧ್ಯದ ಪರಂಪರೆಯ ತಾಣವೆಂದು ಸಾರಲಾಯಿತು. ಬೆಳ್ಳಕ್ಕಿ, ಮಿಂಚುಳ್ಳಿ, ನಾಮಕೋಳಿ, ಬಾತುಗಳಿಗೆ ಇಂಥ ಕೆರೆಗಳೇ ತವರು. ಸೊಳ್ಳೆ ಹುಟ್ಟುವುದು ನೀರಿನಲ್ಲಿ ಎಂದ ಮಾತ್ರಕ್ಕೆ ಕೆರೆಯೇ ನಮಗೆ ಶತ್ರುವೆಂದು ತಿಳಿಯಬಾರದು. ಜೀವಂತವಾದ ಕೆರೆಯಲ್ಲಿ ಸೊಳ್ಳೆಯ ಮರಿಹುಳುಗಳನ್ನು ತಿನ್ನಲು ಮೀನುಗಳುಂಟು, ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟದ ಮರಿಗಳುಂಟು. ಚರಂಡಿಯ ಕೊಳಚೆ ಸೇರಿ, ಅಂತರಗಂಗೆ ಹಬ್ಬಿ, ಮೀನು ಸತ್ತ ಕೆರೆಯಲ್ಲಿ ಈ ಕಾವಲುಗಾರರಿಲ್ಲ. ಆ ಹೊಲಸು ನೀರೇ ಬೂದುಬಣ್ಣದ ಕ್ಯೂಲೆಕ್ಸ್ ಸೊಳ್ಳೆಗೆ ತೊಟ್ಟಿಲು. ಕೆರೆ ಕೆಟ್ಟರೆ ಹಕ್ಕಿಗೂ ಕೇಡು, ಮನುಷ್ಯನಿಗೂ ಕೇಡು.

ನಲ್ಲಕುಂಟೆಯಲ್ಲಿ ನಾವು ಫೀವರ್ ಆಸ್ಪತ್ರೆಯೆಂದು ಕರೆಯುವ ಸಂಸ್ಥೆಗೆ ರಾಸನ ಹೆಸರನ್ನೇ ಇಟ್ಟಿದ್ದಾರೆ. ಪ್ರತಿ ವರ್ಷ ಆಗಸ್ಟ್ 20ನ್ನು ಲೋಕದಲ್ಲೆಲ್ಲ ಸೊಳ್ಳೆಯ ದಿನವೆಂದು ಆಚರಿಸುತ್ತಾರೆ. ವಿದ್ಯಾರ್ಥಿಗಳೇ, ಆ ದಿನ ನೀವು ಹಾರ ತುರಾಯಿಗಳನ್ನು ತರಬೇಕಾಗಿಲ್ಲ. ಮನೆಯ ಹಿತ್ತಿಲಲ್ಲಿ, ಮಹಡಿಯ ಮೇಲೆ, ಶಾಲೆಯ ಅಂಗಳದಲ್ಲಿ ಮಳೆಯ ನೀರು ನಿಂತ ಡಬ್ಬ, ಒಡೆದ ಕುಂಡ, ಹಳೆಯ ಟೈರು ಇವೆಯೇ ಎಂದು ನೋಡಿ, ಇದ್ದರೆ ಬೋರಲು ಹಾಕಿರಿ. ಅಂಗಳಕ್ಕೆ ಬರುವ ಗುಬ್ಬಚ್ಚಿಗಳಿಗೆ ಕುಡಿಯಲು ಶುದ್ಧವಾದ ನೀರಿಟ್ಟು, ಅದನ್ನು ದಿನವೂ ಬದಲಾಯಿಸಿರಿ. ಬಿಡುವಾದಾಗ ಯಾವುದಾದರೊಂದು ಕೆರೆಯ ದಂಡೆಯಲ್ಲಿ ನಿಂತು ಹಕ್ಕಿಗಳನ್ನು ನೋಡಿರಿ. ಬೇಡದ ಓದನ್ನು ಓದಿ, ಬಯಸದ ಕಡೆಗೆ ವರ್ಗವಾಗಿ, ಪದೇ ಪದೇ ಸ್ಥಳ ಬದಲಿಸಿದ ಒಬ್ಬ ವೈದ್ಯನು ರೋಗಿಯು ದೊರೆಯದಾಗ ಪಾರಿವಾಳವನ್ನು ನೋಡಿದನು. ನೋಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆತನ ಜೀವನದಿಂದ ನಾವು ಕಲಿಯಬೇಕಾದ ಪಾಠವು ಇದೇ ಆಗಿದೆ.